ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿದರು, ತಪ್ಪು ನನ್ನದಲ್ಲ. ಆದರೂ ನನ್ನ ಬೋನಸ್ ಯಾಕೆ ಹೋಗಬೇಕು?

ಸುಮಾ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಕಾರ್ ಇನ್ಶೂರೆನ್ಸ್ ವಿಷಯ ಗೊತ್ತಿರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಕಳೆದ ವಾರ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಿಂತಿದ್ದೆ. ಕೆಂಪು ದೀಪ ಇತ್ತು, ಮುಂದೆ ಬಸ್ಸು. ಹಿಂದಿನಿಂದ ಒಂದು ಸಣ್ಣ ಗೂಡ್ಸ್ ಗಾಡಿ ಬಂದು ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಬಂಪರ್ ಒಡೆದು ಒಂದು ಕಡೆ ಜೋತುಬಿದ್ದಿದೆ, ಡಿಕ್ಕಿ ಬಾಗಿಲು ಒಳಗೆ ಹೋಗಿದೆ, ಬಲಗಡೆ ಟೈಲ್ ಲ್ಯಾಂಪ್ ಪುಡಿ. ಗ್ಯಾರೇಜಿನವರು 42 ಸಾವಿರ ಎಸ್ಟಿಮೇಟ್ ಕೊಟ್ಟಿದ್ದಾರೆ.

ಗೂಡ್ಸ್ ಗಾಡಿ ಓನರ್ ಫೋನಿನಲ್ಲಿ ಸಿಗುತ್ತಾರೆ, ಮಾತೂ ಸರಿಯಾಗಿಯೇ ಆಡುತ್ತಾರೆ. ಆದರೆ "8 ಸಾವಿರ ಕೊಡ್ತೀನಿ ಮೇಡಂ, ಅದಕ್ಕಿಂತ ಆಗಲ್ಲ, ಉಳಿದಿದ್ದು ನಿಮ್ಮ ಇನ್ಶೂರೆನ್ಸ್‌ನಲ್ಲಿ ಮಾಡಿಸ್ಕೊಳ್ಳಿ" ಅನ್ನುತ್ತಾರೆ. ನಮ್ಮ ಏಜೆಂಟ್ ಕೂಡ ಕ್ಲೇಮ್ ಮಾಡಿ ಅನ್ನುತ್ತಿದ್ದಾರೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದಂತೆ. ಈಗ ನನಗೆ 45% ಬರುತ್ತಿದೆ.

ನನ್ನ ಕಾರು 1200 ಸಿಸಿ ಪೆಟ್ರೋಲ್, ತಗೊಂಡು ನಾಲ್ಕು ವರ್ಷ ದಾಟಿದೆ. ಪಾಲಿಸಿ ಕಾಂಪ್ರಹೆನ್ಸಿವ್, ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ಕವರ್) ಇಲ್ಲ. ಬೋನಸ್ ಕಳೆಯುವ ಮುಂಚೆ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು 9 ಸಾವಿರ ಅಂತ ಪಾಲಿಸಿಯಲ್ಲಿದೆ.

ನಿಂತ ಗಾಡಿಗೆ ಬಂದು ಗುದ್ದಿದ್ದು ಅವರು. ನಾನು ಯಾಕೆ ನನ್ನ ಪಾಲಿಸಿಯಿಂದ ಕ್ಲೇಮ್ ಮಾಡಬೇಕು, ನನ್ನ ಬೋನಸ್ ಯಾಕೆ ಬಿಡಬೇಕು? ಅವರ ಇನ್ಶೂರೆನ್ಸ್ ಕೊಡಲ್ವಾ? ಪೊಲೀಸ್ ಕಂಪ್ಲೇಂಟ್ ಬೇಕಾ? ಸುಮ್ನೆ 8 ಸಾವಿರ ತಗೊಂಡು ಮುಗಿಸೋದು ಒಳ್ಳೇದಾ?


ಮಂಜುನಾಥ, ಹುಬ್ಬಳ್ಳಿ

ಮೇಡಂ, ನಾನು ವರ್ಕ್‌ಶಾಪ್‌ನಲ್ಲಿ ಕ್ಲೇಮ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆ ದಿನಾ ಯಾರಾದರೂ ಕೇಳುತ್ತಾರೆ, ಕೇಳುವಾಗ ಎಲ್ಲರಿಗೂ ಇದೇ ಸಿಟ್ಟು ಇರುತ್ತದೆ. ಸಿಟ್ಟು ನ್ಯಾಯವೇ. ಆದರೆ ನಮ್ಮ ದೇಶದ ಪಾಲಿಸಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಎಷ್ಟಕ್ಕೆ ಹೂಂ ಅನ್ನಬೇಕು ಅನ್ನೋದು ಗೊತ್ತಾಗುತ್ತದೆ.

ನಿಮ್ಮ ಪಾಲಿಸಿಯಲ್ಲಿ ಎರಡು ಭಾಗ ಇದೆ. ಒಂದು ಥರ್ಡ್ ಪಾರ್ಟಿ. ಇದು ಕಾನೂನಿನ ಪ್ರಕಾರ ಕಡ್ಡಾಯ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಇದು. ಇನ್ನೊಂದು ಓನ್ ಡ್ಯಾಮೇಜ್, ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ. ಈ ಎರಡನೇ ಭಾಗದಲ್ಲಿ ಕಂಪನಿ ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ನೀವೇ ರಿವರ್ಸ್ ತಗೊಳ್ಳುವಾಗ ಗೇಟಿಗೆ ಗುದ್ದಿದ್ದರೂ ಕೊಡುತ್ತಿತ್ತು. ಡ್ರೈವರ್‌ಗೆ ಲೈಸೆನ್ಸ್ ಇರಬೇಕು, ಕುಡಿದಿರಬಾರದು, ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿರಬಾರದು. ಮುಖ್ಯವಾಗಿ ನೋಡುವುದು ಇಷ್ಟು. ತಪ್ಪು ಕೇಳುವುದಿಲ್ಲ ಅನ್ನುವುದಕ್ಕೇ ಬೋನಸ್ ಕಟ್ ಮಾಡುವಾಗಲೂ ತಪ್ಪು ಕೇಳುವುದಿಲ್ಲ. ಕ್ಲೇಮ್ ಆಯ್ತಾ, ಬೋನಸ್ ಸೊನ್ನೆ. ಹೆಸರೇ ನೋ ಕ್ಲೇಮ್ ಬೋನಸ್, ಚೆನ್ನಾಗಿ ಗಾಡಿ ಓಡಿಸಿದ್ದಕ್ಕೆ ಕೊಡುವ ಬೋನಸ್ ಅಲ್ಲ. ಇದು ನನಗೂ ಸರಿ ಕಾಣುವುದಿಲ್ಲ, ಆದರೆ ಪದ್ಧತಿ ಇರೋದು ಹೀಗೆ.

ಈಗ ಲೆಕ್ಕಕ್ಕೆ ಬರೋಣ. 42 ಸಾವಿರ ಬಿಲ್ ಆದರೆ 42 ಸಾವಿರ ಬರುವುದಿಲ್ಲ. ಜೀರೋ ಡೆಪ್ ಇಲ್ಲದಿದ್ದರೆ ಪಾರ್ಟ್ ಪಾರ್ಟಿಗೂ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರು ಇವಕ್ಕೆ 50%, ಗಾಡಿ ಹೊಸದಿರಲಿ ಹಳೇದಿರಲಿ. ಗಾಜಿಗೆ ಏನೂ ಕಳೆಯುವುದಿಲ್ಲ. ಕಬ್ಬಿಣದ ಪಾರ್ಟಿಗೆ ಗಾಡಿಯ ವಯಸ್ಸಿನ ಮೇಲೆ. ನಾಲ್ಕು ದಾಟಿ ಐದರೊಳಗಿದ್ದರೆ 35%. ಪೇಂಟ್ ಬಿಲ್ ಒಟ್ಟಿಗೆ ಕೊಟ್ಟಿದ್ದರೆ ಅದರಲ್ಲಿ ಕಾಲು ಭಾಗ ಬಣ್ಣದ ಖರ್ಚು ಅಂತ ಹಿಡಿದು, ಆ ಕಾಲು ಭಾಗದಲ್ಲಿ ಅರ್ಧ ಕಳೆಯುತ್ತಾರೆ. ಲೇಬರ್ ಪೂರ್ತಿ ಕೊಡುತ್ತಾರೆ.

ನಿಮ್ಮ ಎಸ್ಟಿಮೇಟ್ ನಾನು ನೋಡಿಲ್ಲ, ಒಂದು ಅಂದಾಜಿನಲ್ಲಿ ಹಿಡಿಯೋಣ. ಬಂಪರ್ 7 ಸಾವಿರ, ಬರೋದು 3,500. ಟೈಲ್ ಲ್ಯಾಂಪ್ 4 ಸಾವಿರ, ಅದನ್ನೂ ಪ್ಲಾಸ್ಟಿಕ್ ಅಂತಲೇ ಹಿಡಿಯುತ್ತಾರೆ, ಬರೋದು 2 ಸಾವಿರ. ಡಿಕ್ಕಿ ಬಾಗಿಲು 14 ಸಾವಿರ, ಬರೋದು 9,100. ಪೇಂಟ್ 10 ಸಾವಿರ, ಬರೋದು 8,750. ಲೇಬರ್ 6 ಸಾವಿರ ಪೂರ್ತಿ. ಕ್ಲಿಪ್ಪು, ಬೋಲ್ಟು, ಅಂಟು ಅಂತ ಒಂದು ಸಾವಿರ, ಅದಕ್ಕೆ ಬೇರೆ ಆಡ್-ಆನ್, ಅಂದರೆ ಹೆಚ್ಚುವರಿ ಕವರ್, ಇಲ್ಲದಿದ್ದರೆ ಏನೂ ಇಲ್ಲ. ಒಟ್ಟು 29,350. ಅದರಲ್ಲಿ ಕಡ್ಡಾಯವಾಗಿ ನೀವು ಹಾಕಬೇಕಾದ ದುಡ್ಡು 1,000, ಇದು 1500 ಸಿಸಿ ತನಕದ ಕಾರಿಗೆ. ದೊಡ್ಡ ಎಂಜಿನ್ ಆದರೆ 2,000. ಅಂದರೆ ಕಂಪನಿ ಕೊಡೋದು 28,350, ನಿಮ್ಮ ಕೈಯಿಂದ 13,650.

ಇನ್ನು ಬೋನಸ್. ಇದನ್ನು ಜನ ಒಂದೇ ವರ್ಷದ ಲೆಕ್ಕ ಹಾಕಿ ಬಿಟ್ಟುಬಿಡುತ್ತಾರೆ. ಮೆಟ್ಟಿಲು ಇರೋದು 20, 25, 35, 45, 50. ಕ್ಲೇಮ್ ಮಾಡದಿದ್ದರೆ ಮುಂದಿನ ರಿನ್ಯೂವಲ್‌ಗೆ ನಿಮಗೆ 50 ಸಿಗಬೇಕು, ಆಮೇಲೆ ಅದೇ 50 ನಿಲ್ಲುತ್ತದೆ. ಕ್ಲೇಮ್ ಮಾಡಿದರೆ ಈ ಸಲ ಸೊನ್ನೆ, ಮುಂದಿನ ಸಲ 20, ಆಮೇಲೆ 25, 35, 45. ಅಂದರೆ ವರ್ಷವರ್ಷ ನೀವು ಕಳೆದುಕೊಳ್ಳೋದು 50, 30, 25, 15, 5. ಕೂಡಿಸಿದರೆ 125. 9 ಸಾವಿರಕ್ಕೆ 125% ಅಂದರೆ 11,250, ಮೇಲೆ 18% ಜಿಎಸ್‌ಟಿ. ಕಾರು ಹಳೇದಾದ ಹಾಗೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಹತ್ತಿರ ಹತ್ತಿರ 12 ಸಾವಿರ ಅಂತ ಇಟ್ಟುಕೊಳ್ಳಿ.

ಕ್ಲೇಮ್ ಮಾಡಿದರೆ ನಿಮಗೆ ಬೀಳೋದು 13,650 ಮತ್ತು 12 ಸಾವಿರ, ಹೆಚ್ಚುಕಡಿಮೆ 25,650. ಮಾಡದೆ ಅವರ 8 ಸಾವಿರ ತಗೊಂಡರೆ ನಿಮಗೆ ಬೀಳೋದು 34 ಸಾವಿರ. ಅವರು 16 ಸಾವಿರದ ಮೇಲೆ ಕೊಡುವುದಾದರೆ ರಾಜಿ ಲಾಭ, ಅದಕ್ಕಿಂತ ಕಡಿಮೆ ಅಂದರೆ ಕ್ಲೇಮ್ ಲಾಭ. ನಿಮ್ಮ ನಿಜವಾದ ಎಸ್ಟಿಮೇಟ್ ಹಾಕಿ ಇದೇ ತರಹ ಒಂದು ಸಲ ಲೆಕ್ಕ ಮಾಡಿ, ಆಮೇಲೆ ಅವರ ಹತ್ತಿರ ಮಾತಾಡಿ. ಲೆಕ್ಕ ಕೈಯಲ್ಲಿದ್ದರೆ ಮಾತು ಗಟ್ಟಿಯಾಗಿ ಬರುತ್ತದೆ.

ಇನ್ನೊಂದು ಮಾತು. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ತನಕ ಗಾಡಿ ಬಿಚ್ಚಿಸಬೇಡಿ. ಮೊದಲು ಕಂಪನಿಗೆ ಕ್ಲೇಮ್ ತಿಳಿಸಿ, ನಂಬರ್ ತಗೊಳ್ಳಿ. ಸರ್ವೇಯರ್ ಬಂದಾಗ ನೀವೂ ಪಕ್ಕದಲ್ಲಿ ನಿಲ್ಲಿ. ಅವರು ಪೆಟ್ಟಿನ ಜಾಗಕ್ಕೆ ಬೆರಳು ಹಾಕಿ ನೋಡುತ್ತಾರೆ, ಗೀರಿನೊಳಗೆ ತುಕ್ಕು ಕಂಡರೆ ಹಳೇ ಡ್ಯಾಮೇಜ್ ಅಂತ ಬರೆದು ಅದನ್ನು ತೆಗೆದುಬಿಡುತ್ತಾರೆ. ಹಿಂದಿನಿಂದ ಬಿದ್ದ ಪೆಟ್ಟಿನಲ್ಲಿ ಬಂಪರ್ ಬಿಚ್ಚಿದ ಮೇಲೇ ಒಳಗಿನ ಡ್ಯಾಮೇಜ್ ಕಾಣೋದು. ಬಂಪರ್ ಹಿಂದಿನ ಅಡ್ಡಪಟ್ಟಿ ಬಗ್ಗಿರುತ್ತದೆ, ಡಿಕ್ಕಿಯ ತಳದ ತಗಡು ಮುದುಡಿರುತ್ತದೆ, ಸ್ಟೆಪ್ನಿ ತೆಗೆದು ನೋಡಿದರೆ ತಿಳಿಯುತ್ತದೆ. ಬಿಚ್ಚಿದ ಮೇಲೆ ಸರ್ವೇಯರ್ ಮತ್ತೆ ಒಂದು ಸಲ ನೋಡಲಿ ಅಂತ ವರ್ಕ್‌ಶಾಪ್‌ಗೆ ಈಗಲೇ ಹೇಳಿಡಿ. ಆಮೇಲೆ ಹೇಳಿದರೆ ಒಪ್ಪಿಸೋದು ಕಷ್ಟ.


ಕರಿಕೋಟು, ಮೈಸೂರು

ಮಂಜುನಾಥ ಅವರ ಲೆಕ್ಕ ಸರಿಯಾಗಿದೆ. ತಪ್ಪಿನ ವಿಷಯ ನಾನು ಸ್ವಲ್ಪ ಹೇಳುತ್ತೇನೆ. ಮೋಟಾರು ಅಪಘಾತದ ಕೇಸುಗಳನ್ನೇ ನಡೆಸುವ ವಕೀಲ ನಾನು.

"ಅವರ ಇನ್ಶೂರೆನ್ಸ್ ಕೊಡಲ್ವಾ" ಅಂದರಲ್ಲ, ಕಾನೂನಿನ ಪ್ರಕಾರ ಕೊಡಬೇಕು. ಥರ್ಡ್ ಪಾರ್ಟಿ ಕವರ್‌ನಲ್ಲಿ ಬೇರೆಯವರ ಆಸ್ತಿಗೆ ಆದ ನಷ್ಟವೂ ಬರುತ್ತದೆ, ನಿಮ್ಮ ಕಾರು ಅವರಿಗೆ ಬೇರೆಯವರ ಆಸ್ತಿಯೇ. ಆದರೆ ಆ ಕಂಪನಿ ನಿಮಗೆ ನೇರವಾಗಿ ಚೆಕ್ ಬರೆದುಕೊಡುವುದಿಲ್ಲ. ನೀವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಮಾತ್ರ ತಪ್ಪು ಯಾರದು ಅನ್ನುವುದು ಮುಖ್ಯವಾಗುತ್ತದೆ. ನಿಂತ ಗಾಡಿಗೆ ಹಿಂದಿನಿಂದ ಗುದ್ದಿದರೆ ಸಾಮಾನ್ಯವಾಗಿ ಹಿಂದಿನವನದ್ದೇ ತಪ್ಪು, ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಇಟ್ಟುಕೊಳ್ಳಬೇಕು ಅಂತ 2017ರ ಡ್ರೈವಿಂಗ್ ನಿಯಮಗಳಲ್ಲೇ ಇದೆ. ಆದರೂ ಪೊಲೀಸ್ ದಾಖಲೆ ಬೇಕು, ಸಾಕ್ಷಿ ಬೇಕು, ಬಿಲ್ ಬೇಕು, ದಿನಾಂಕದ ಮೇಲೆ ದಿನಾಂಕ ಹೋಗುತ್ತದೆ. 42 ಸಾವಿರದ ಬಂಪರ್ ಕೆಲಸಕ್ಕೆ ನನ್ನ ಹತ್ತಿರ ಬಂದರೆ ನಾನೇ ಬೇಡ ಅಂತ ಕಳಿಸುತ್ತೇನೆ. ಯಾರಿಗಾದರೂ ಗಾಯವಾಗಿದ್ದರೆ ಮಾತೇ ಬೇರೆ, ಆಗ ಖಂಡಿತ ಹೋಗಬೇಕು. ಅದೂ ಅಪಘಾತ ಆಗಿ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಮೊದಲು ಆ ಗಡುವು ಇರಲಿಲ್ಲ, ಹಳೇ ನೆನಪಿನಲ್ಲಿ ಕೂತರೆ ಕಷ್ಟ.

ಪೊಲೀಸ್ ವಿಷಯ. ಬರೀ ಗಾಡಿಗೆ ಪೆಟ್ಟಾದ ಸಣ್ಣ ಕ್ಲೇಮ್‌ಗೆ ಕಂಪನಿಗಳು ಸಾಮಾನ್ಯವಾಗಿ ಎಫ್‌ಐಆರ್ ಕೇಳುವುದಿಲ್ಲ. ಗಾಯ, ಸಾವು, ಕಳ್ಳತನ ಇದ್ದರೆ ಬೇಕೇ ಬೇಕು. ಆದರೂ ಈಗಲೇ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಎಂಪರಿವಾಹನ್ ಅನ್ನುವ ಸರ್ಕಾರಿ ಆಪ್‌ನಲ್ಲಿ ಅವರ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಯಾವಾಗಿನ ತನಕ ಇದೆ ಅಂತ ತೋರಿಸುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ಜೊತೆಗೆ ಓನರ್ "8 ಸಾವಿರ ಕೊಡ್ತೀನಿ" ಅಂದಿದ್ದನ್ನು ಫೋನಿನಲ್ಲಿ ಮಾತ್ರ ಬಿಡಬೇಡಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಾಳೆ "ಮೇಡಂ ಸಡನ್ ಬ್ರೇಕ್ ಹಾಕಿದ್ರು" ಅಂತ ಕಥೆ ತಿರುಗಿಸಿದರೆ ಆ ಮೆಸೇಜು ಕೆಲಸಕ್ಕೆ ಬರುತ್ತದೆ.

ಗೂಡ್ಸ್ ಗಾಡಿ ಅಂದಿದ್ದೀರಿ. ಡ್ರೈವರ್ ಹತ್ತಿರ ಬರೀ ಕಾರ್ ಲೈಸೆನ್ಸ್ ಇತ್ತು, ಬ್ಯಾಡ್ಜ್ ಇಲ್ಲ, ಅದಕ್ಕೆ ಅವರ ಕಂಪನಿ ಕೈ ಎತ್ತುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 7,500 ಕೆಜಿ ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿಯಾಗಿದೆ.


ನವೀನ, ಸರ್ಜಾಪುರ ರಸ್ತೆ

ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ದರದ ಬಗ್ಗೆ ನನ್ನದೂ ಒಂದು ಪ್ರಶ್ನೆ ಇದೆ. ನನ್ನ ಭಾವನದ್ದು ಮೈಸೂರು ರಿಜಿಸ್ಟ್ರೇಷನ್, ನನ್ನದು ಬೆಂಗಳೂರು. ಒಂದೇ ಮಾಡೆಲ್, ಒಂದೇ ವರ್ಷ. ಅವರ ಪ್ರೀಮಿಯಂ ಕಡಿಮೆ. ನಾನು ಇಷ್ಟು ವರ್ಷದಲ್ಲಿ ಒಂದು ಕ್ಲೇಮೂ ಮಾಡಿಲ್ಲ, ಅವರು ಮಾಡಿದ್ದಾರೆ. ಇದು ಯಾವ ಲೆಕ್ಕ?

ಮತ್ತೆ 2022ರ ಸೆಪ್ಟೆಂಬರ್ ಮಳೆಗೆ ನಮ್ಮ ಲೇಔಟ್‌ನ ಬೇಸ್‌ಮೆಂಟ್ ಪೂರ್ತಿ ಮುಳುಗಿತ್ತು. ಪಕ್ಕದ ಮನೆಯವರಿಗೆ ಎಂಜಿನ್ ಕ್ಲೇಮ್ ಕೊಡಲಿಲ್ಲ, ಕಾಂಪ್ರಹೆನ್ಸಿವ್ ಇದ್ದೂ. ಅದು ಯಾಕೆ ಅಂತಲೂ ಯಾರಾದರೂ ಹೇಳಿ.


ಮಂಜುನಾಥ, ಹುಬ್ಬಳ್ಳಿ

ನವೀನ್, ಥರ್ಡ್ ಪಾರ್ಟಿ ದರ ದೇಶಕ್ಕೆಲ್ಲ ಒಂದೇ, ಅದನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರ ಹೇಳುತ್ತೇನೆ: 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ತನಕ 3,416, ಅದರ ಮೇಲೆ 7,897. ಎಲೆಕ್ಟ್ರಿಕ್ ಕಾರಿಗೆ 15% ರಿಯಾಯಿತಿ. ಇಲ್ಲಿ ನೀವು ಹುಷಾರಾಗಿ ಓಡಿಸುತ್ತೀರೋ, ತಿಂಗಳಿಗೊಂದು ಗುದ್ದುತ್ತೀರೋ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ಸುಮಾ ಅವರಿಗೆ ಗುದ್ದಿದ ಗಾಡಿಯ ಥರ್ಡ್ ಪಾರ್ಟಿ ದರ ಮುಂದಿನ ವರ್ಷ ಒಂದು ರೂಪಾಯಿಯೂ ಏರುವುದಿಲ್ಲ, ಗುದ್ದಿಸಿಕೊಂಡ ಸುಮಾ ಅವರ ಪ್ರೀಮಿಯಂ ಏರುತ್ತದೆ. ಇದನ್ನು ಬದಲಾಯಿಸಿ ಅಂತ ನಾವೆಲ್ಲ ಕೇಳಬೇಕಾದ್ದೇ.

ಓನ್ ಡ್ಯಾಮೇಜ್ ದರ 2007ರಿಂದ ಕಂಪನಿಗಳ ಕೈಗೆ ಬಂತು. ಆದರೆ ಹಳೇ ಟಾರಿಫ್‌ನ (ಎಲ್ಲ ಕಂಪನಿಗೂ ಒಂದೇ ಆಗಿದ್ದ ದರಪಟ್ಟಿಯ) ಚೌಕಟ್ಟು ಇನ್ನೂ ಕೆಳಗೆ ಕೂತಿದೆ. ಅದರಲ್ಲಿ ಬೆಂಗಳೂರು, ಮುಂಬೈ, ಚೆನ್ನೈ, ದೆಹಲಿ ತರಹದ ಎಂಟು ಊರು ಎ ವಲಯ, ಉಳಿದ ದೇಶ ಎಲ್ಲ ಬಿ ವಲಯ. ಮೈಸೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಬಿ. ಎ ವಲಯಕ್ಕೆ ದರ ಸ್ವಲ್ಪ ಜಾಸ್ತಿ. ಗಾಡಿ ರಿಜಿಸ್ಟರ್ ಆದ ಊರನ್ನು ನೋಡುತ್ತಾರೆ. ನಿಮ್ಮ ಭಾವನವರದ್ದು ಅದೊಂದೇ ಕಾರಣ ಅಂತ ಹೇಳಲಾರೆ, ಐಡಿವಿ ಎಷ್ಟು ಹಾಕಿಸಿದ್ದಾರೆ ಅದನ್ನೂ ನೋಡಿ. ಐಡಿವಿ ಅಂದರೆ ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಬೆಲೆ. ಪ್ರೀಮಿಯಂ ಕಡಿಮೆ ತೋರಿಸಲು ಕೆಲವರು ಐಡಿವಿ ಇಳಿಸಿ ಕೋಟ್ ಕೊಡುತ್ತಾರೆ. ವರ್ಷಕ್ಕೆ ಸಾವಿರ ಉಳಿಯಿತು ಅಂತ ಖುಷಿ ಪಟ್ಟರೆ ಕಳ್ಳತನವಾದ ದಿನ ಐವತ್ತು ಸಾವಿರ ಕಡಿಮೆ ಬರುತ್ತದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೂ ಟೋಟಲ್ ಲಾಸ್ ಅಂತ ಇದೇ ಬೆಲೆ ಕೊಡೋದು. ಅದಕ್ಕೆ ಎರಡು ಕೋಟ್ ಹೋಲಿಸುವಾಗ ಮೊದಲು ಐಡಿವಿ ಒಂದೇ ಇದೆಯಾ ನೋಡಿ.

ಮಳೆ ನೀರಿನ ವಿಷಯ. ಪ್ರವಾಹ ಕಾಂಪ್ರಹೆನ್ಸಿವ್‌ನಲ್ಲಿ ಬರುತ್ತದೆ. ಸೀಟು, ವೈರಿಂಗ್, ಕಾರ್ಪೆಟ್ ಎಲ್ಲ ಕೊಡುತ್ತಾರೆ. ತೊಂದರೆ ಆಗೋದು ನೀರು ಇಳಿದ ಮೇಲೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಕೀ ತಿರುಗಿಸಿದಾಗ. ಸಿಲಿಂಡರ್ ಒಳಗೆ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ. ಇದು ನೀರಿನಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಕಂಪನಿ ತೆಗೆದುಹಾಕುತ್ತದೆ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇದ್ದವರಿಗೆ ಮಾತ್ರ ಇದಕ್ಕೆ ಕವರ್. ನೀರು ನಿಲ್ಲುವ ಕಡೆ ಇರುವವರು ಅದನ್ನು ಹಾಕಿಸಿಕೊಳ್ಳಿ, ಗಾಡಿ ಮುಳುಗಿದರೆ ಕೀ ಮುಟ್ಟಬೇಡಿ, ಟೋ ಮಾಡಿಸಿ.


ಸುಮಾ, ರಾಜಾಜಿನಗರ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಮಂಜುನಾಥ್ ಸರ್, ವಕೀಲರೇ, ತುಂಬಾ ಥ್ಯಾಂಕ್ಸ್. ನನ್ನ ಎಸ್ಟಿಮೇಟ್ ಇಟ್ಟುಕೊಂಡು ಲೆಕ್ಕ ಹಾಕಿದೆ, ನೀವು ಹೇಳಿದ್ದಕ್ಕೆ ಹತ್ತಿರವೇ ಬಂತು. ಓನರ್‌ಗೆ ಫೋನ್ ಮಾಡಿ 16 ಸಾವಿರ ಕೇಳಿದೆ, 10ರ ಮೇಲೆ ಏರಲ್ಲ ಅಂದರು. ಅವರ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಹಾಗಾಗಿ ಕ್ಲೇಮ್‌ಗೇ ಹೋಗುತ್ತೇನೆ.

ಈಗ ಒಂದು ಸಂದೇಹ. ನನ್ನ ಕೈಯಿಂದ ಹೋಗೋ 13 ಸಾವಿರ ಚಿಲ್ಲರೆಗೆ ಅವರ 10 ಸಾವಿರ ತಗೊಳ್ಳಬಹುದಾ? ಅಥವಾ ಎರಡು ಕಡೆ ತಗೊಂಡ ಹಾಗೆ ಆಗುತ್ತದಾ? ಇನ್ನೊಂದು, ರಿನ್ಯೂವಲ್ ಟೈಮಿನಲ್ಲಿ ಬೇರೆ ಕಂಪನಿಗೆ ಹೋದರೆ ಬೋನಸ್ ಉಳಿಯುತ್ತೆ, ಅವರಿಗೆ ಕ್ಲೇಮ್ ಆಗಿದ್ದು ಗೊತ್ತಾಗಲ್ಲ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು.


ಕರಿಕೋಟು, ಮೈಸೂರು

ಎರಡನೇದಕ್ಕೆ ಮೊದಲು ಉತ್ತರ: ಬೇಡವೇ ಬೇಡ. ಕಂಪನಿಗಳು ಹಿಂದಿನ ಪಾಲಿಸಿಯ ಕ್ಲೇಮ್ ಮಾಹಿತಿ ತರಿಸಿಕೊಂಡು ನೋಡುತ್ತವೆ. ಬೋನಸ್ ಸುಳ್ಳು ಹೇಳಿ ತಗೊಂಡಿದ್ದು ಗೊತ್ತಾದರೆ ಮುಂದಿನ ಕ್ಲೇಮ್ ನಿರಾಕರಿಸಲು ಅದೇ ಕಾರಣ ಸಾಕು. ನಾಲ್ಕೂವರೆ ಸಾವಿರ ಉಳಿಸಲು ಹೋಗಿ ಇಡೀ ಪಾಲಿಸಿ ಕೈತಪ್ಪುತ್ತದೆ.

ಮೊದಲನೇದು. ಒಂದೇ ನಷ್ಟಕ್ಕೆ ಎರಡು ಕಡೆ ತಗೊಳ್ಳುವಂತಿಲ್ಲ. ಆದರೆ ಕಂಪನಿ ಕೊಡದ ಭಾಗ ನಿಮ್ಮ ನಷ್ಟವೇ, ಅದನ್ನು ಗುದ್ದಿದವರಿಂದ ಕೇಳುವ ಹಕ್ಕು ನಿಮಗಿದೆ. ಮಾಡುವ ರೀತಿ ಮುಖ್ಯ. ಕಂಪನಿ ನಿಮಗೆ ಕೊಟ್ಟ ದುಡ್ಡನ್ನು ಗುದ್ದಿದವರಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಬರುತ್ತದೆ. ನೀವು ಮೊದಲೇ "ಪೂರ್ತಿ ಸೆಟಲ್ ಆಯ್ತು, ಇನ್ನೇನೂ ಕೇಳುವುದಿಲ್ಲ" ಅಂತ ಸಹಿ ಹಾಕಿಕೊಟ್ಟರೆ ಆ ಹಕ್ಕನ್ನು ನೀವೇ ಮುರಿದ ಹಾಗೆ, ಅದನ್ನೇ ಹಿಡಿದು ಕ್ಲೇಮ್‌ಗೆ ತಕರಾರು ತೆಗೆಯಬಹುದು. ಅದಕ್ಕೆ ಮೊದಲು ನಿಮ್ಮ ಕಂಪನಿಗೆ ಒಂದು ಇಮೇಲ್ ಹಾಕಿ, ನೀವು ಕೊಡದ ಭಾಗಕ್ಕೆ ಇಷ್ಟು ತಗೊಳ್ಳುತ್ತಿದ್ದೇನೆ ಅಂತ. ಅವರು ಒಪ್ಪಿದ ಮೇಲೆ ತಗೊಳ್ಳಿ. ರಸೀದಿಯಲ್ಲಿ ಹೀಗೆ ಬರೆಯಿರಿ: "ಇನ್ಶೂರೆನ್ಸ್ ಕಂಪನಿ ಪಾವತಿಸದ ರಿಪೇರಿ ಖರ್ಚಿನ ಬಾಬ್ತು ಮಾತ್ರ." ದುಡ್ಡು ನಗದಿನಲ್ಲಿ ಬೇಡ, ಯುಪಿಐ ಅಥವಾ ಬ್ಯಾಂಕ್ ಮೂಲಕ.


ಲಕ್ಷ್ಮಿ, ಶಿವಮೊಗ್ಗ

ಸುಮಾ, ಒಂದು ವಿಷಯ ಸೇರಿಸುತ್ತೇನೆ, ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದಿದ್ದು. ಸರ್ವೇಯರ್ ರಿಪೋರ್ಟ್ ಕಾಪಿ ಕೇಳಿ ತಗೊಳ್ಳಿ. ಯಾವ ಪಾರ್ಟಿಗೆ ಎಷ್ಟು ಕಳೆದಿದ್ದಾರೆ ಅಂತ ಸಾಲು ಸಾಲಾಗಿ ಇರುತ್ತದೆ. ಮಂಜುನಾಥ್ ಹೇಳಿದ ಶೇಕಡಾ ಹಿಡಿದು ತಾಳೆ ನೋಡಿ. ನಮ್ಮದರಲ್ಲಿ ಹಿಂದಿನ ಗಾಜಿಗೂ ಅರ್ಧ ಕಳೆದಿದ್ದರು, ಗಾಜಿಗೆ ಸವಕಳಿ ಇಲ್ಲ ಅಂತ ಬರೆದು ಕೇಳಿದ ಮೇಲೆ ಸರಿ ಮಾಡಿದರು.

ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನ ಆದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ಇನ್ಶೂರೆನ್ಸ್ ದೂರು ಕೇಳಿ ತೀರ್ಮಾನಿಸುವ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕಕ್ಕೆ ಆಫೀಸು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸು ಇಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೆ ಮೊದಲು 155255ಕ್ಕೆ ಫೋನ್ ಮಾಡಿ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ ದೂರು ವ್ಯವಸ್ಥೆಯಾದ ಬಿಮಾ ಭರೋಸಾದಲ್ಲಿ ದೂರು ದಾಖಲಿಸಿದರೂ ಕಂಪನಿಯವರು ಬೇಗ ಉತ್ತರ ಕೊಡುತ್ತಾರೆ.

ಮತ್ತೆ ಮುಂದೆ ಕಾರು ಮಾರಿ ಹೊಸದು ತಗೊಳ್ಳುವ ಯೋಚನೆ ಇದ್ದರೆ, ಬೋನಸ್ ಕಾರಿನ ಜೊತೆ ಹೋಗುವುದಿಲ್ಲ, ನಿಮ್ಮ ಜೊತೆ ಬರುತ್ತದೆ. ಮಾರುವಾಗ ಕಂಪನಿಯಿಂದ ಸರ್ಟಿಫಿಕೇಟ್ ತಗೊಂಡರೆ ಮೂರು ವರ್ಷದ ತನಕ ನಡೆಯುತ್ತದೆ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂವಲ್ ಮಾಡದಿದ್ದರೆ ಮಾತ್ರ ಕೂಡಿಸಿದ್ದೆಲ್ಲ ಹೋಗುತ್ತದೆ. ಈ ಸಲ ಸೊನ್ನೆಗೆ ಬಂದರೂ ರಿನ್ಯೂವಲ್ ದಿನ ತಪ್ಪಿಸಬೇಡಿ. ಸೇರಿಸುವುದಾದರೆ ಜೀರೋ ಡೆಪ್ ಕೊಡ್ತಾರಾ ಅಂತ ಕೇಳಿ, ಐದು ವರ್ಷ ದಾಟಿದ ಗಾಡಿಗೆ ಎಲ್ಲ ಕಂಪನಿಯೂ ಕೊಡುವುದಿಲ್ಲ, ನಾಲ್ಕು ಕಡೆ ವಿಚಾರಿಸಬೇಕು.